ವ್ಯಾನಿನ ಹೊಟ್ಟೆಗೊಂದು ತಗಡು

ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಎಲ್ಲಾದರೂ ನಿಂತಿದ್ದರೆ ಜನ ಮೊದಲು ನೋಡೋದು ಅದರ ಮುಖ. ಎರಡು ದುಂಡು ದೀಪ, ಅಗಲವಾದ ಗಾಜು, ಮೇಲೊಂದು ಬಣ್ಣ ಕೆಳಗೊಂದು ಬಣ್ಣ. ಫೋಟೊ ತೆಗೆದುಕೊಳ್ಳುತ್ತಾರೆ, ಮಕ್ಕಳು ಕೈ ಬೀಸುತ್ತಾರೆ, ವಯಸ್ಸಾದವರು ‘ನಮ್ಮಣ್ಣನ ಹತ್ತಿರ ಇಂಥದ್ದೇ ಒಂದಿತ್ತು’ ಅಂತ ಮಾತು ತೆಗೆಯುತ್ತಾರೆ. ಬಗ್ಗಿ ಕೆಳಗೆ ಇಣುಕಿದವರನ್ನ ನಾನಂತೂ ಕಂಡಿಲ್ಲ. ಆ ವ್ಯಾನಿನ ಆಯುಸ್ಸು ಇರೋದು ಮಾತ್ರ ಕೆಳಗೇ. ಮುಖಕ್ಕೆ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಹೊಟ್ಟೆ ತೂತಾಗುತ್ತ ಬಂದರೆ ಎಷ್ಟು ದುಡ್ಡು ಸುರಿದರೂ ಸಾಲದು, ಅಲ್ವಾ?

ನಾವಿರೋದು ಇಂಗ್ಲೆಂಡಿನ ಚೆಷೈರ್ ಸೀಮೆಯಲ್ಲಿ. ಪಕ್ಕದ ಮನೆ ಅಜ್ಜನ ಹತ್ತಿರ ಕಿತ್ತಳೆ-ಬಿಳಿ ಬಣ್ಣದ 1974ರ ವ್ಯಾನ್ ಇದೆ. ಒಳಗಿನ ಮಂಚ, ಗ್ಯಾಸ್ ಒಲೆ, ಕಪಾಟು ಎಲ್ಲ ಸಿಡ್‌ಮತ್‌ನ ಡೆವನ್ ಕಂಪನಿ ಕೂರಿಸಿದ್ದು. ಹಿಂದೆ 1600 ಸಿಸಿ ಎಂಜಿನ್, 50 ಅಶ್ವಶಕ್ತಿ. ಏರು ಬಂತೆಂದರೆ ಲಾರಿಗಳೆಲ್ಲ ಹಿಂದೆ ಸಾಲುಗಟ್ಟುತ್ತವೆ, ಅಜ್ಜ ಮಾತ್ರ ಆರಾಮಾಗಿ ಸ್ಟೀರಿಂಗ್ ಹಿಡಿದು ಕೂತಿರುತ್ತಾರೆ. ಈ ಬೇಸಿಗೆಯಿಡೀ ಅವರು ಹಿಡಿದ ಕೆಲಸ ಅಂದರೆ ಆ ವ್ಯಾನಿನ ಅಡಿಗೆ ತಗಡು ಕೂರಿಸೋದು. ನಡುವೆ ಎದೆಮಟ್ಟದ ಹಲಗೆ ಬೇಲಿ. ನಾನು ಈಚೆ, ಅವರ ಕಾಲುಗಳೆರಡು ವ್ಯಾನಿನಡಿಯಿಂದ ಹೊರಗೆ. ಮಾತೆಲ್ಲ ಆ ಕಾಲುಗಳ ಜೊತೆಗೇ ಅಂತಿಟ್ಟುಕೊಳ್ಳಿ.

ತಗಡು ಯಾಕೆ ಬೇಕು ಅಂತ ಕೇಳ್ತೀರಾ? ಒಂದು ಸಲ ಅದರ ಕೆಳಗೆ ಮಲಗಿ ನೋಡಬೇಕು. ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್ ಮೂರೂ ಹಿಂದೆ. ಓಡಿಸುವವರು ಕೂರೋದು ಮುಂದಿನ ಚಕ್ರದ ಮೇಲೆಯೇ. ಹಾಗಾಗಿ ಮುಂದಿನಿಂದ ಹಿಂದಕ್ಕೆ ಹೋಗಬೇಕಾದ್ದೆಲ್ಲ ಹೊಟ್ಟೆಯಡಿಯಲ್ಲೇ ಹಾದು ಹೋಗಬೇಕು. ಗೇರಿನ ಉದ್ದ ಸರಳು, ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಹ್ಯಾಂಡ್‌ಬ್ರೇಕಿನ ತಂತಿಗಳು, ಹಿಂದಿನ ಬ್ರೇಕಿನ ಪೈಪು, ಇವುಗಳ ನಡುವೆ ದಪ್ಪಗೆ ಒಂದು ಕೊಳವೆ. ಆ ಕೊಳವೆ ಹೀಟರಿಂದು. ಸೈಲೆನ್ಸರ್ ಕಡೆಯ ಬಿಸಿಯಲ್ಲಿ ಕಾದ ಗಾಳಿ ಹಿಂದಿನಿಂದ ಹೊರಟು, ವ್ಯಾನಿನ ಉದ್ದಕ್ಕೂ ಪ್ರಯಾಣ ಮಾಡಿ, ಮುಂದೆ ಕೂತವರ ಪಾದ ಮುಟ್ಟಬೇಕು. ಡಿಸೆಂಬರಿನಲ್ಲಿ ಅದು ಪಾದ ಮುಟ್ಟುವ ಹೊತ್ತಿಗೆ ಆರಿ ತಣ್ಣಗಾಗಿರುತ್ತೆ. ಅಜ್ಜಿಗೆ ಈ ವ್ಯಾನಿನ ಮೇಲಿರೋ ಒಂದೇ ತಕರಾರು ಅದು. ಮೊಣಕಾಲಿಗೆ ಕಂಬಳಿ ಸುತ್ತಿಕೊಂಡೇ ಹತ್ತುತ್ತಾರೆ, ಪಾಪ.

ಇಷ್ಟೆಲ್ಲ ಸಾಮಾನು ಬೆತ್ತಲಾಗಿ ನೇತಾಡ್ತಾ ಇರುತ್ತೆ. ನೆಲದ ತಗಡಿಗೆ ಬಲ ಕೊಡೋ ಅಡ್ಡಪಟ್ಟಿಗಳು, ಉದ್ದಕ್ಕೆ ಎರಡು ಚಾಸಿ ಕಂಬಿಗಳು, ಪಕ್ಕದಲ್ಲಿ ಬಾಗಿಲ ಕೆಳಗಿನ ಹೊಸ್ತಿಲು. ಅದಕ್ಕೆ ಸಿಲ್ ಅಂತಾರೆ, ಹೊರಗೊಂದು ನಡುವೊಂದು ಒಳಗೊಂದು ಅಂತ ಮೂರು ಪದರ. ನೀರು ಸೇರಿಕೊಂಡು ಹೊರಗೆ ಬಾರದಿರೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ. ಬರೀ ಮಳೆನೀರಾಗಿದ್ದರೆ ಹೇಗೋ ಆಗುತ್ತಿತ್ತು. ಇಲ್ಲಿನ ಕಾಟ ಉಪ್ಪಿಂದು.

ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದ ಹಾಗೆ ಉಪ್ಪು ಚೆಲ್ಲುತ್ತಾರಲ್ಲ, ಆ ಉಪ್ಪಿನ ದೊಡ್ಡ ಗಣಿ ಇರೋದೇ ನಮ್ಮ ಸೀಮೆಯಲ್ಲಿ, ವಿನ್ಸ್‌ಫರ್ಡ್ ಅನ್ನೋ ಊರಲ್ಲಿ. 1844ರಲ್ಲಿ ಕಲ್ಲಿದ್ದಲು ಸಿಗುತ್ತೇನೋ ಅಂತ ಅಗೆದವರಿಗೆ ಸಿಕ್ಕಿದ್ದು ಉಪ್ಪು. ಈಗಲೂ ತೆಗೀತಾನೇ ಇದ್ದಾರೆ. ನಾವು ಅಡುಗೆಮನೆಯಲ್ಲಿ ನೋಡೋ ಬಿಳಿ ಉಪ್ಪಲ್ಲ ಅದು. ಕಂದು ಬಣ್ಣ, ಜಲ್ಲಿ ಪುಡಿಯ ಹಾಗೆ ಒರಟು. ರಾತ್ರಿ ಲಾರಿ ಬಂದು ಚೆಲ್ಲಿ ಹೋದರೆ ಬೆಳಗ್ಗೆ ಅದೇ ಕರಗಿ, ಚಕ್ರದಿಂದ ಚಿಮ್ಮಿ, ನೇರ ವ್ಯಾನಿನ ಹೊಟ್ಟೆಗೆ. ಆ ರಾಡಿ ಒಣಗಿದ ಮೇಲೆ ಬ್ರೇಕಿನ ಪೈಪಿನ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಮೆತ್ತಿಕೊಳ್ಳುತ್ತೆ.

ಉಪ್ಪಿನ ಮಾತು ಬಂತು ನೋಡಿ, ನನ್ನ ಮನಸ್ಸು ಕುಮಟಾ ಕಡೆಗೆ ಓಡಿತು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆಯಲ್ಲ, ಆ ದಾರಿಯಲ್ಲಿ ಓಡಾಡೋ ಗಾಡಿಗಳ ಅಡಿಯನ್ನ ನೋಡಿದವರಿಗೆ ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ಪಾಠ ಹೇಳಬೇಕಾಗಿಲ್ಲ. ನಮ್ಮ ದೊಡ್ಡಪ್ಪ ಒಂದು ಮೆಟಡೋರ್ ಇಟ್ಟಿದ್ದರು. ಮದುವೆ ದಿಬ್ಬಣಕ್ಕೂ ಅದೇ, ಅಡಿಕೆ ಮೂಟೆಗೂ ಅದೇ. ಪ್ರತಿ ವರ್ಷ ಮೃಗಶಿರೆ ಮಳೆ ಹಿಡಿಯೋದಕ್ಕೆ ಮುಂಚೆ ಅದನ್ನ ‘ವಾಟರ್ ಸರ್ವಿಸ್’ ಬೋರ್ಡಿನ ಅಂಗಡಿಗೆ ಒಯ್ದು, ಅಡಿ ತೊಳೆಸಿ, ಒಣಗಿದ ಮೇಲೆ ಎಂಜಿನ್ನಿಂದ ತೆಗೆದ ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಸ್ಪ್ರೇ ಹೊಡೆಸುತ್ತಿದ್ದರು. ಮನೆಗೆ ಬಂದು ನಿಂತರೆ ಎರಡು ದಿನ ತೊಟತೊಟ. ಊರಿನ ನಮ್ಮಜ್ಜಿ ಸಗಣಿ ಸಾರಿಸಿ ರಂಗೋಲಿ ಇಟ್ಟ ಅಂಗಳದ ತುಂಬ ಕಪ್ಪು ಚುಕ್ಕಿ. ‘ಆ ನಿನ್ನ ಗಾಡೀನ ತೋಟದ ಕಡೆ ನಿಲ್ಸೋ ಮಾರಾಯ’ ಅಂತ ಅಜ್ಜಿ ಕೂಗೋದು ನಾಲ್ಕು ಮನೆಗೆ ಕೇಳುತ್ತಿತ್ತು. ಆದರೆ ದೊಡ್ಡಪ್ಪನ ಗಾಡಿಯ ಚಾಸಿಗೆ ತುಕ್ಕು ಹಿಡಿದಿದ್ದು ಯಾರೂ ಕಾಣಲಿಲ್ಲ. ಎಣ್ಣೆಗೆ ಧೂಳು ಕೂತು ಬೆರಳು ದಪ್ಪದ ಪದರ ಕಟ್ಟಿ, ಅದೇ ಕವಚ ಆಗಿಬಿಟ್ಟಿತ್ತು. ಕೆಟ್ಟದ್ದೂ ಇತ್ತು ಅನ್ನಿ. ಎಣ್ಣೆ ತಾಗಿ ತಾಗಿ ರಬ್ಬರ್ ಬುಷ್‌ಗಳೆಲ್ಲ ಉಬ್ಬಿ ಮೆತ್ತಗಾಗುತ್ತಿದ್ದವು, ಪ್ರತಿ ವರ್ಷ ಬದಲಾಯಿಸಬೇಕಿತ್ತು.

ಈ ಮೆಟಡೋರಿಗೂ ಅಜ್ಜನ ವ್ಯಾನಿಗೂ ನಂಟಿದೆ ಅಂತ ಹೇಳಿದಾಗ ಅಜ್ಜ ವ್ಯಾನಿನಡಿಯಿಂದ ಹೊರಗೇ ಬಂದುಬಿಟ್ಟರು. ನಿಜ ಅದು. 1949ರಲ್ಲಿ ಹ್ಯಾಂಬರ್ಗ್‌ನ ಟೆಂಪೊ ಕಂಪನಿ ಮೆಟಡೋರ್ ಅನ್ನೋ ಹೆಸರಿನ ಮೊದಲ ವ್ಯಾನ್ ಇಳಿಸಿದಾಗ ಅದರಲ್ಲಿದ್ದದ್ದು ಫೋಕ್ಸ್‌ವ್ಯಾಗನ್ ಎಂಜಿನ್ನೇ. ಮರುವರ್ಷ, 1950ರಲ್ಲಿ, ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ರಸ್ತೆಗೆ ಬಿಟ್ಟಿತು. ಸ್ವಲ್ಪ ಕಾಲದಲ್ಲೇ ಟೆಂಪೊಗೆ ಎಂಜಿನ್ ಕೊಡೋದು ನಿಂತಿತು. ಆ ಟೆಂಪೊ ಕಂಪನಿಯ ಜೊತೆ ಸೇರಿಯೇ ನಮ್ಮಲ್ಲಿ 1958ರಲ್ಲಿ ಬಜಾಜ್ ಟೆಂಪೊ ಹುಟ್ಟಿದ್ದು, ಮುಂದೆ ಅದೇ ಮೆಟಡೋರ್ ಹೆಸರು ನಮ್ಮೂರಿನ ರಸ್ತೆಗೂ ಬಂದದ್ದು. ಎರಡೂ ದೂರದ ದಾಯಾದಿಗಳೇ ಆಯ್ತಲ್ಲ! ಅಜ್ಜನಿಗೆ ಈ ಕಥೆ ಎಷ್ಟು ಹಿಡಿಸಿತು ಅಂದರೆ ಈಗ ಮನೆಗೆ ಬಂದವರಿಗೆಲ್ಲ ಅವರೇ ಹೇಳ್ತಾರೆ.

ಇರಲಿ, ತಗಡಿಗೆ ಬರೋಣ.

ಅಜ್ಜನ ವ್ಯಾನಿನ ಅಡಿಗೆ ಮೊದಲೇ ಒಂದು ತಗಡಿತ್ತು. ಕೆಲವು ಮಾಡೆಲ್‌ಗಳಿಗೆ ಫ್ಯಾಕ್ಟರಿಯಲ್ಲೇ ಅಂಥದ್ದು ಕೂಡಿಸಿ ಕಳಿಸುತ್ತಿದ್ದರು. ಇದು ಹಾಗೆ ಬಂದದ್ದಲ್ಲ. ಹಿಂದೆ ಯಾರೋ ರಿಪೇರಿ ಮಾಡಿಸುವಾಗ ಕಬ್ಬಿಣದ ಹಾಳೆಯನ್ನ ಸುತ್ತ ಬಿಗಿಯಾಗಿ ವೆಲ್ಡ್ ಮಾಡಿಸಿ, ಮೇಲೆ ಕರಿ ಟಾರು ಬಳಿಸಿಬಿಟ್ಟಿದ್ದರು. ಹೊರಗಿನಿಂದ ನೋಡೋಕೆ ಅಚ್ಚುಕಟ್ಟು. ಅಜ್ಜ ಸುತ್ತಿಗೆಯ ತುದಿಯಿಂದ ಅಲ್ಲಲ್ಲಿ ಕುಟ್ಟುತ್ತಾ ಹೋದರು. ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ, ಥೇಟ್ ಹಾಗೇ. ಗಟ್ಟಿ ಇದ್ದ ಕಡೆ ಟಣ್ ಅಂತಿತ್ತು. ಒಂದು ಮೂಲೆಯಲ್ಲಿ ದಬ್ ಅಂತು. ಅಲ್ಲೇ ಕತ್ತರಿಸಿದರು.

ಅದರೊಳಗಿನಿಂದ ಏನೇನು ಬಂತು ಅಂತೀರಿ! ಮೊದಲು ಮರಳು ಸುರಿಯಿತು, ಸಮುದ್ರದಂಡೆಯ ನುಣುಪು ಮರಳು, ಬೊಗಸೆ ಬೊಗಸೆ. ಆಮೇಲೆ ಹುಲ್ಲು, ಕುಷನ್ನಿನ ಹಳದಿ ಸ್ಪಂಜು, ಕಾಗದದ ಚೂರು ಎಲ್ಲ ಸೇರಿಸಿ ಹೆಣೆದ ಇಲಿಗೂಡು. ಅದರ ಪಕ್ಕ ಹೇಝಲ್ ಕಾಯಿಯ ಸಿಪ್ಪೆಯ ರಾಶಿ. ಒಂದೊಂದು ಸಿಪ್ಪೆಗೂ ಒಂದೇ ಅಳತೆಯ ದುಂಡು ತೂತು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಅಷ್ಟು ಸೊಗಸಾದ ಕೆಲಸ. ನಾನು ಒಂದನ್ನ ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಬಂದದ್ದು ಒಂದು 13ರ ಸ್ಪ್ಯಾನರ್. ಈ ವ್ಯಾನಿನಲ್ಲಿ ಅರ್ಧಕ್ಕರ್ಧ ಬೋಲ್ಟುಗಳಿಗೆ ಬೇಕಾಗೋದು ಅದೇ. ವೆಲ್ಡ್ ಮಾಡಿದವನು ಆ ದಿನ ಎಲ್ಲೆಲ್ಲಿ ಹುಡುಕಿರಬೇಕು, ಅಲ್ವಾ?

ಮರಳು, ಗೂಡು ಎಲ್ಲ ನೋಡಿ ನಕ್ಕಿದ್ದಾಯಿತು. ಅದರ ಕೆಳಗಿದ್ದದ್ದು ನಗುವಂಥದ್ದಲ್ಲ. ಒದ್ದೆ ಮರಳು ವರ್ಷಗಟ್ಟಲೆ ತಗಡಿಗೂ ಅಡ್ಡಪಟ್ಟಿಗೂ ನಡುವೆ ಕೂತು, ಪಟ್ಟಿಗಳು ಬಿಸ್ಕತ್ತಿನ ಪುಡಿಯಾಗಿದ್ದವು. ಚಾಸಿಯ ಕಂಬಿಯೊಂದರ ಕೆಳಮೈ ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಕಾಪಾಡಲಿ ಅಂತ ಹಾಕಿಸಿದ ತಗಡೇ ನೀರು ಹಿಡಿದಿಟ್ಟು ಕೊಳೆಸಿತ್ತು. ಟಾರು ಬಿರುಕುಬಿಟ್ಟ ಕಡೆ ನೀರು ಹೊಕ್ಕು ಅದರಡಿಯಲ್ಲೇ ನಿಂತಿತ್ತು. ಮೇಲಿಂದ ಕಪ್ಪಗೆ ಹೊಳೀತಾ ಇದ್ದರೆ ಯಾರಿಗೆ ಗೊತ್ತಾಗಬೇಕು?

ಇಲ್ಲಿ ಇನ್ನೊಂದು ಮಾತಿದೆ. ಈ ದೇಶದಲ್ಲಿ ವರ್ಷಕ್ಕೊಮ್ಮೆ ಎಂಓಟಿ ಅಂತ ಗಾಡಿಯ ತಪಾಸಣೆ ಇದೆ, ನಮ್ಮ ಎಫ್‌ಸಿ ಇದ್ದ ಹಾಗೆ. ಅದರಲ್ಲಿ ತುಕ್ಕಿನ ಬಗ್ಗೆ ನಿಯಮ ಬಿಗಿ. ಸ್ಟೀರಿಂಗು, ಸಸ್ಪೆನ್ಷನ್ನು, ಸೀಟ್ ಬೆಲ್ಟು ಇಂಥವು ಕೂತಿರೋ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಕೊಳೆತು ಬಲ ಹೋಗಿದ್ದರೆ ಗಾಡಿ ಫೇಲು. ಆದರೆ ಪರೀಕ್ಷೆ ಮಾಡುವವರು ಏನನ್ನೂ ಬಿಚ್ಚಿ ನೋಡುವಂತಿಲ್ಲ. ಮುಚ್ಚಿದ್ದರೆ ಮುಚ್ಚಿದೆ ಅಂತ ಬರೆದು ಕೊಡ್ತಾರೆ, ಅಷ್ಟೆ. ಮೇಲಾಗಿ 2018ರ ಮೇ ತಿಂಗಳಿಂದ, ದೊಡ್ಡ ಬದಲಾವಣೆ ಮಾಡಿಸದ 40 ವರ್ಷ ದಾಟಿದ ಗಾಡಿಗಳಿಗೆ ಆ ತಪಾಸಣೆಯೇ ಬೇಕಾಗಿಲ್ಲ. ನನಗೆ ಕೇಳಿದರೆ ಇದು ಸರಿಯಲ್ಲ. ಹಳೇ ಗಾಡಿಯ ಅಡಿಯನ್ನೇ ತಾನೇ ಹೆಚ್ಚು ನೋಡಬೇಕಾದ್ದು? ಅಜ್ಜ ಮಾತ್ರ ಪ್ರತಿ ವರ್ಷ ತಾವಾಗಿಯೇ ಒಯ್ದು ತೋರಿಸಿಕೊಂಡು ಬರ್ತಾರೆ. ಆ ಒಂದು ಕಾರಣಕ್ಕೇ ನನಗೆ ಅವರ ಮೇಲೆ ಗೌರವ.

ಸರಿ, ಕೊಳೆತದ್ದನ್ನೆಲ್ಲ ಕತ್ತರಿಸಿ, ಹೊಸ ಪಟ್ಟಿ ಹಾಕಿ ವೆಲ್ಡ್ ಮಾಡಿಸಿದ ಮೇಲೆ ಹೊಸ ತಗಡು ಯಾವುದು ಅನ್ನೋ ಚರ್ಚೆ. ಅಜ್ಜಿ ಕೂಡ ಬೇಲಿಗೆ ಬಂದು ನಿಂತರು. ಹೊಟ್ಟೆಯ ಮಧ್ಯಭಾಗ ಮುಚ್ಚೋಕೆ ಸುಮಾರು ಎರಡೂವರೆ ಚದರ ಮೀಟರ್ ಬೇಕು. ಒಂದು ಮಿಲಿಮೀಟರ್ ಉಕ್ಕಿನ ಹಾಳೆಯಾದರೆ ಹತ್ತಿರ ಹತ್ತಿರ 20 ಕಿಲೊ. ಎರಡು ಮಿಲಿಮೀಟರ್ ಅಲ್ಯುಮಿನಿಯಂ ಆದರೆ ಹದಿಮೂರೂವರೆ ಕಿಲೊ, ದಪ್ಪ ಇಮ್ಮಡಿ, ತುಕ್ಕಿನ ಮಾತಿಲ್ಲ. ಐವತ್ತು ಕುದುರೆಯ ಎಂಜಿನ್ನಿಗೆ ಆರೇಳು ಕಿಲೊ ಅಂದರೆ ಸಣ್ಣ ವಿಷಯವಾ? ಅಲ್ಯುಮಿನಿಯಂ ಅಂತ ತೀರ್ಮಾನ ಆಯಿತು.

ಅಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಅಲ್ಯುಮಿನಿಯಮ್ಮು ಉಕ್ಕಿಗೆ ನೇರ ಮೈ ತಾಗಿಸಿ ಕೂತು, ನಡುವೆ ಉಪ್ಪುನೀರು ಸೇರಿಕೊಂಡರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತೆ. ಸವೆದು ಹೋಗೋದು ಅಲ್ಯುಮಿನಿಯಂ, ಬೋಲ್ಟಿನ ಸುತ್ತ ಬಿಳಿ ಬೂದಿ ಉದುರೋಕೆ ಶುರು. ಅದಕ್ಕೇ ಅಜ್ಜ ತಗಡು ಚಾಸಿಗೆ ತಾಗೋ ಕಡೆಯೆಲ್ಲ ರಬ್ಬರ್ ಪಟ್ಟಿ ಅಂಟಿಸಿದರು. ಪ್ರತಿ ಬೋಲ್ಟಿಗೂ ನೈಲಾನ್ ವಾಷರ್, ಮೇಲೆ ಸ್ವಲ್ಪ ಗ್ರೀಸು. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿಂದು. ಚಾಸಿಯ ತಗಡಿನ ಹಿಂದೆ ಕೈ ಹೋಗೋದಿಲ್ಲವಲ್ಲ, ನಟ್ಟು ಹಿಡಿಯೋದು ಹೇಗೆ? ಅದಕ್ಕೊಂದು ರಿವೆಟ್ಟಿನಂಥ ನಟ್ಟು ಬರುತ್ತೆ. ತೂತಿನೊಳಗೆ ಹಾಕಿ ಇಕ್ಕಳದಂಥ ಸಾಧನದಿಂದ ಎಳೆದರೆ ಒಳಗಡೆ ಉಬ್ಬಿ ಅಲ್ಲೇ ಕಚ್ಚಿಕೊಳ್ಳುತ್ತೆ. ಕರ್ರ್ ಅಂತ ಒಂದು ಸದ್ದು, ಮುಗೀತು. ಅಜ್ಜ ನನ್ನ ಕೈಯಲ್ಲೂ ಒಂದು ಹಾಕಿಸಿದರು. ಕೊರೆದ ತೂತಿನ ಅಂಚಿಗೆ ಮೊದಲು ಬಣ್ಣ ಬಳಿದು ಆಮೇಲೆ ನಟ್ಟು. ಬರೀ ಕಬ್ಬಿಣ ಕಂಡರೆ ತುಕ್ಕು ಅಲ್ಲಿಂದಲೇ ಹೊರಡುತ್ತೆ ಅಂತಾರೆ ಅವರು.

ತಗಡನ್ನ ಒಂದೇ ಹಾಳೆಯಾಗಿ ಹಾಕಲಿಲ್ಲ, ಮೂರು ತುಂಡು ಮಾಡಿದರು. ಒಬ್ಬರೇ ಮಲಗಿ ಎದೆಯ ಮೇಲಿಟ್ಟುಕೊಂಡು ಎತ್ತಿ ಕೂರಿಸುವಷ್ಟು ಅಳತೆ. ತಗ್ಗಿರೋ ಕಡೆಯೆಲ್ಲ ಹೆಬ್ಬೆರಳು ಹಿಡಿಸುವಷ್ಟು ತೂತು, ನೀರು ಇಳಿದು ಹೋಗೋಕೆ. ಸಣ್ಣ ತೂತಾದರೆ ಒಂದೇ ಒದ್ದೆ ಎಲೆ ಸಾಕು ಮುಚ್ಚಿಹೋಗೋಕೆ. ಹಿಂದಿನ ಅಂಚನ್ನ ಸೀಲ್ ಮಾಡದೆ ಗಾಳಿಯಾಡೋಕೆ ಬಿಟ್ಟರು. ಹ್ಯಾಂಡ್‌ಬ್ರೇಕ್ ತಂತಿ ಬಿಗಿ ಮಾಡೋ ಜಾಗಕ್ಕೆ ಕಿಟಕಿ, ಜಾಕ್ ಹಾಕೋ ಜಾಗ ಪೂರ್ತಿ ಖಾಲಿ.

ತಗಡಿಗಿಂತ ಮುಂಚೆ ಮೇಣದ ಕೆಲಸ. ಸಿಲ್ಲಿನೊಳಗೆ, ಕಂಬಿಗಳೊಳಗೆ ಉದ್ದ ನಳಿಗೆ ತೂರಿಸಿ ಸಿಂಪಡಿಸೋ ಮೇಣ. ಆ ಡಬ್ಬಗಳನ್ನ ಅಜ್ಜಿ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ಕೊಡುತ್ತಿದ್ದರು. ಬೆಚ್ಚಗಿದ್ದರೆ ತೆಳ್ಳಗಾಗಿ ಸಂದಿಗೊಂದಿಗೆಲ್ಲ ಹರಿಯುತ್ತೆ, ಅದಕ್ಕೇ ಬಿಸಿಲಿನ ದಿನ ನೋಡಿ ಮಾಡಬೇಕು. ಇಲ್ಲಿ ಬಿಸಿಲಿನ ದಿನ ಸಿಗೋದೇ ಒಂದು ಭಾಗ್ಯ. ಸಾಯಂಕಾಲದ ಹೊತ್ತಿಗೆ ಸಿಲ್ಲಿನ ಕೆಳಗಿನ ತೂತುಗಳಿಂದ ಕಂದು ಬಣ್ಣದ ಹನಿ ತೊಟ್ಟಿಕ್ಕೋಕೆ ಶುರುವಾಯಿತು. ಅಜ್ಜ ಖುಷಿಯಿಂದ ಕೈ ತಟ್ಟಿದರು, ಮೇಣ ತುದಿಯವರೆಗೆ ಹೋಗಿದೆ ಅಂತ ಲೆಕ್ಕ. ಕೆಳಗೆ ಹಳೇ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿದ್ದರು. ನಮ್ಮ ದೊಡ್ಡಪ್ಪನಿಗೆ ಇಷ್ಟು ತೋಚಿದ್ದರೆ ಅಂಗಳದ ಜಗಳವೇ ಇರುತ್ತಿರಲಿಲ್ಲ.

ಎಂಜಿನ್ನಿನ ಅಡಿಯನ್ನೂ ಮುಚ್ಚಿಬಿಡಿ ಅಂತ ಸಲಹೆ ಕೊಟ್ಟವರಿದ್ದಾರೆ. ಅದು ಮಾತ್ರ ಕೂಡದು. ಇದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ. ಹಿಂದಿನ ಕಿಟಕಿಗಳ ಬಳಿಯ ಸೀಳುಗಳಿಂದ ತಣ್ಣನೆ ಗಾಳಿ ಒಳಗೆ ಬರಬೇಕು, ಫ್ಯಾನು ಅದನ್ನ ಸಿಲಿಂಡರುಗಳ ಮೇಲೆ ಊದಬೇಕು, ಕಾದ ಗಾಳಿ ಕೆಳಗಿನಿಂದ ಹೊರಗೆ ಹೋಗಬೇಕು. ಆ ದಾರಿ ಕಟ್ಟಿದರೆ ಎಂಜಿನ್ ತನ್ನ ಬಿಸಿಯಲ್ಲೇ ಬೇಯುತ್ತೆ. ಇದೇ ಗಾಳಿ ಎಂಜಿನ್ನನ್ನ ಬ್ರೆಜಿಲ್‌ನಲ್ಲಿ 2005ರ ತನಕ ವ್ಯಾನಿಗೆ ಹಾಕುತ್ತಿದ್ದರು. ಆಮೇಲೆ ನೀರಿನ ಎಂಜಿನ್ ಬಂತು, ಏರ್‌ಬ್ಯಾಗಿನ ನಿಯಮ ಬಂದು 2013ರ ಕೊನೆಗೆ ವ್ಯಾನೇ ನಿಂತಿತು. ಎಂಜಿನ್ನಿನ ಸುತ್ತ ಇರೋ ತಗಡು, ಅದರ ಅಂಚಿನ ರಬ್ಬರ್ ಪಟ್ಟಿ, ಇವು ಮಾತ್ರ ಪೂರ್ತಿ ಇರಲೇಬೇಕು. ಕೆಳಗಿನ ಬಿಸಿಗಾಳಿ ಮತ್ತೆ ಮೇಲಕ್ಕೆ ಬಾರದ ಹಾಗೆ ತಡೆಯೋದೇ ಅವುಗಳ ಕೆಲಸ.

ತಗಡು ಹಾಕಿದ ಮೇಲೆ ಮೊದಲ ಸವಾರಿ ವೇಲ್ಸ್ ಕಡೆಗೆ. ಕೆಳಗಿನಿಂದ ಚಿಮ್ಮೋ ಜಲ್ಲಿಯ ಸದ್ದು ಬೇರೆ ಥರ ಕೇಳುತ್ತೆ, ಮೊದಲಿನ ಹಾಗೆ ಎದೆ ಝಲ್ಲೆನ್ನಿಸೋಲ್ಲ ಅಂತ ಅಜ್ಜ ಹೇಳಿದರು. ಬಿಸಿಗಾಳಿಯ ಕೊಳವೆಗೂ ಈಗ ಮರೆ ಇದೆಯಲ್ಲ, ಕಾಲಿಗೆ ತುಸು ಬೆಚ್ಚಗಿತ್ತು ಅಂತ ಅಜ್ಜಿ. ಕಂಬಳಿ ಮಾತ್ರ ಬಿಟ್ಟಿಲ್ಲ, ಇರಲಿ ಬಿಡಿ.

ನಿಮ್ಮ ಮನೆಯಲ್ಲೂ ಒಂದು ಹಳೇ ವ್ಯಾನೋ ಜೀಪೋ ಇದ್ದರೆ ನನ್ನದೊಂದು ಮಾತು ಕೇಳಿ. ಅಡಿಗೆ ತಗಡು ಹಾಕಿಸಿ, ಖಂಡಿತ ಹಾಕಿಸಿ. ಆದರೆ ವೆಲ್ಡ್ ಮಾಡಿಸಬೇಡಿ, ಬೋಲ್ಟಿನದ್ದೇ ಇರಲಿ. ವರ್ಷಕ್ಕೊಮ್ಮೆ, ಇಲ್ಲಿನವರಾದರೆ ರಸ್ತೆಗೆ ಉಪ್ಪು ಚೆಲ್ಲೋದು ನಿಂತ ಮೇಲೆ, ಕರಾವಳಿಯವರಾದರೆ ಮಳೆಗಾಲ ಕಳೆದ ಮೇಲೆ, ಅದನ್ನ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಂದು ವಾರ ಹಾಗೇ ಒಣಗಲು ಬಿಟ್ಟು ಮತ್ತೆ ಕೂರಿಸಿ.